ಬೇಡ ಅಂದವರ ಮನೆಗೆ

ಆರನೆಯ ಭಾನುವಾರವೂ ಮೇಷ್ಟ್ರು ಕೈ ಎತ್ತಿದರು.

"ಬೇಡ."

ಕನ್ನಡಕದಂಗಡಿಯವಳಿಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಕದ ಪುಟಾಣಿ ಸ್ಕ್ರೂ ಹಿಡಿಯುವ ಚಿಮುಟದಲ್ಲೇ ಒಂದೊಂದು ದೋಣಿ ಎತ್ತಿ, ಅಡಿಯುದ್ದದ ಹಲಗೆಯ ಮೇಲೆ ಬಂದರಿನ ಮಾದರಿ ಕಟ್ಟಿ ತಂದಿದ್ದಳು.

"ಯಾಕೆ ಬೇಡ?"

"ದೋಣಿಗಳೆಲ್ಲ ಒಂದೇ ಕಡೆ ನೋಡ್ತಿವೆ."

"ಹೋದ ವಾರ ಸುರಂಗದ ಬಾಯಿ ಚಿಕ್ಕದು ಅಂದ್ರಿ. ಅದರ ಹಿಂದಿನ ವಾರ ಕಾಡಲ್ಲಿ ಮರ ಜಾಸ್ತಿ ಅಂದ್ರಿ."

"ಜಾಸ್ತೀನೇ ಇತ್ತು" ಎಂದರು ಮೇಷ್ಟ್ರು, ಅವಳ ಮುಖ ಬಿಟ್ಟು ಸೀಲಿಂಗ್ ನೋಡುತ್ತ. ಕಿವಿ ಕೆಂಪಾಗಿತ್ತು. ದಿನವಿಡೀ ಜನರ ಕಿವಿ ಮೂಗು ಅಳೆಯುವವಳಿಗೆ ಅದು ಕಾಣದೆ ಇರಲಿಲ್ಲ. ಕೋಪವಿರಬೇಕು ಅಂದುಕೊಂಡಳು.

ಮರಿ ರೈಲುಗಳ ಆ ಕ್ಲಬ್ಬಿನಲ್ಲಿ ಎಂಟೇ ಜನ. ಹಾಲ್ ತುಂಬ ಹರಡಿದ್ದ ದೊಡ್ಡ ಮೇಜಿನ ಮೇಲೆ ಎಂಥ ಊರು ಕಟ್ಟಬೇಕು ಎಂಬುದಕ್ಕೆ ಎಂಟೂ ಜನ ಒಪ್ಪಬೇಕು. ಬೇಡ ಅಂದವರು ಆ ಮಾದರಿಯನ್ನು ಮನೆಗೆ ಒಯ್ದು ವಾರವಿಡೀ ಕಣ್ಣೆದುರು ಇಟ್ಟುಕೊಂಡು ನೋಡಬೇಕು. ಆಮೇಲೂ ಮನಸ್ಸು ಬದಲಾಗದಿದ್ದರೆ ಅದು ರದ್ದು. ಅವಳ ಐದು ಮಾದರಿಗಳು ಹೀಗೆ ಮೇಷ್ಟ್ರ ಮನೆ ಸೇರಿ ಮುಗಿದುಹೋಗಿದ್ದವು. ಮೇಜು ಇನ್ನೂ ಬೋಳು.

ಕ್ಲಬ್ಬಿಗೆ ಸೇರಿದ ದಿನ ಅವಳಿಗೆ ತಂತಿ ಬೆಸೆಯಲು ಕಲಿಸಿದ್ದವರೂ ಇವರೇ. ಆಗ ಅವಳ ಕೈ ಹಿಡಿದೇ ತೋರಿಸಿಕೊಟ್ಟಿದ್ದರು. ಅದನ್ನೇ ನೆನೆಯುತ್ತ ಮರುದಿನ ಗಿರಾಕಿಯೊಬ್ಬರಿಗೆ ಬೇರೆಯವರ ಕನ್ನಡಕ ಕೊಟ್ಟು ಕಳಿಸಿದ್ದಳು. ಈಗ ಅದೇ ಮನುಷ್ಯ ಹೆಜ್ಜೆಹೆಜ್ಜೆಗೂ ಅಡ್ಡಗಾಲು. ತಾನೆಂಥ ಪೆದ್ದಿ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬುಧವಾರ ಸಂಜೆ, ಹಲಗೆಗಳನ್ನೆಲ್ಲ ವಾಪಸ್ ತಗೊಂಡು ಕ್ಲಬ್ ಬಿಟ್ಟುಬಿಡುವುದೆಂದು ಅವರ ಮನೆಗೇ ಹೋದಳು. ಮೇಷ್ಟ್ರ ಅಕ್ಕ ಬಾಗಿಲು ತೆರೆದಳು.

"ಸುರಂಗದವರು ನೀವೇನಾ? ಬನ್ನಿ. ನಿಮ್ಮ ದಯೆಯಿಂದ ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಊಟ ಮಾಡ್ತಿದೀವಿ."

ಊಟದ ಮೇಜಿನ ಮೇಲೆ ಅವಳ ಆರೂ ಹಲಗೆಗಳು ಸಾಲಾಗಿ ಕೂತಿದ್ದವು. ಒಂದರ ಹಳಿಗೆ ಇನ್ನೊಂದರ ಹಳಿ ಬೆಸೆದಿತ್ತು. ಪುಟ್ಟ ರೈಲೊಂದು ಕಾಡಿನಿಂದ ಹೊರಟು, ಸುರಂಗ ನುಗ್ಗಿ, ಸ್ಟೇಷನ್ ದಾಟಿ, ಬಂದರಿನ ದೋಣಿಗಳ ಮುಂದೆ ನಿಂತಿತು. ಮೇಷ್ಟ್ರು ಸಿಕ್ಕಿಬಿದ್ದ ಕಳ್ಳನ ಹಾಗೆ ಎದ್ದು ನಿಂತರು.

ಸ್ಟೇಷನ್ನಿನ ಬೆಂಚಿನ ಮೇಲೆ ಅವಳು ಮಾಡದ ಗೊಂಬೆಯೊಂದು ಕೂತಿತ್ತು.

"ಇವನ್ಯಾರು?"

"ಕಾಯ್ತಿದಾನೆ."

"ವಾರಗಟ್ಟಲೆ ಅಲ್ಲೇ ಕೂತಿದಾನೆ" ಎಂದಳು ಅಕ್ಕ ಅಡುಗೆಮನೆಯಿಂದ. "ಬಾಯಿ ಬಿಡೋ ಧೈರ್ಯ ಇಲ್ಲ."

"ಇಷ್ಟು ಚೆನ್ನಾಗಿ ಜೋಡ್ಸಿದೀರಿ. ಮತ್ತೆ ಬೇಡ ಅಂತ ಯಾಕೆ ನನ್ನ ತಲೆ ತಿಂದ್ರಿ?" ಅವಳು ಮೇಷ್ಟ್ರನ್ನೇ ದಿಟ್ಟಿಸಿದಳು.

"ಒಪ್ಪಿಗೆ ಆಗ್ಬಿಟ್ರೆ ಊರು ಕಟ್ಟೋಕೆ ಗುಂಪು ಮಾಡ್ತಾರೆ. ನೀವು ಬೆಟ್ಟ ಗಿಡದ ಗುಂಪಿಗೆ, ಶನಿವಾರ. ನಾನು ತಂತಿ ಗುಂಪಿಗೆ, ಭಾನುವಾರ. ಆಮೇಲೆ ನಿಮ್ಮನ್ನ ಎಲ್ಲಿ ನೋಡ್ಲಿ?"

"ನನ್ನ ಅಂಗಡಿಗೆ ಬಾಗಿಲಿಲ್ವಾ?"

"ನನ್ನ ಕಣ್ಣು ಸರಿಯಾಗಿದೆಯಲ್ಲ."

"ಎಲ್ಲಿ ಸರಿಯಾಗಿದೆ?" ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಇಷ್ಟು ದಿನ ಎದುರಿಗೇ ಕೂತಿದ್ರಿ. ನನ್ನ ಮುಖದಲ್ಲಿ ಬರ್ದಿದ್ದು ಒಂದಕ್ಷರ ಓದೋಕಾಗ್ಲಿಲ್ಲ."

ಮೇಷ್ಟ್ರ ಕಿವಿ ಮತ್ತೆ ಕೆಂಪಾಯಿತು. ಈ ಸಲ ಅವಳಿಗೆ ಲೆಕ್ಕ ತಪ್ಪಲಿಲ್ಲ.

ಭಾನುವಾರ ಆರಡಿಯ ಆ ಸಾಲನ್ನು ಇಬ್ಬರೂ ಹೊತ್ತು ತಂದು ಬೋಳು ಮೇಜಿನ ಮೇಲೆ ಇಟ್ಟರು. ಕಾಡಿನಿಂದ ಕಡಲಿಗೆ, ಒಂದೇ ಪ್ರಯಾಣ. ಕ್ಲಬ್ಬಿನ ಅಧ್ಯಕ್ಷರಾದ ಪೋಸ್ಟ್‌ಮಾಸ್ಟರ್ ತಾತ ಕೇಳಿದರು, "ಯಾರಾದ್ರೂ ಬೇಡ ಅಂತೀರಾ?"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದರು.

ಕೈ ಎತ್ತಿದ್ದು ಅವಳು. "ನಂಗೆ ಬೇಡ."

"ಅಲ್ಲಮ್ಮ, ನಿಂದೇ ಮಾದರಿ" ಎಂದು ತಾತ ಹಣೆ ಚಚ್ಚಿಕೊಂಡರು.

"ನಿಯಮ ಅಂದ್ರೆ ನಿಯಮ ತಾತ. ಒಂದು ವಾರ ಮನೇಲಿಟ್ಕೊಂಡು ನೋಡ್ತೀನಿ." ಅವಳು ಮೇಷ್ಟ್ರ ಕಡೆ ತಿರುಗಿದಳು. "ಒಬ್ಬಳ ಕೈಲಾಗಲ್ಲ. ಆ ತುದಿ ಹಿಡ್ಕೊಳ್ಳಿ. ನಮ್ಮನೆ ದಾರಿ ತೋರಿಸ್ತೀನಿ."

ಬೆಂಚಿನ ಮೇಲಿನವನು ಬೀಳದ ಹಾಗೆ ಮೇಷ್ಟ್ರು ಮೆಲ್ಲಗೆ ಎತ್ತಿದರು.