ನಾಲ್ಕನೆಯ ಚಿತ್ರದ ತಪ್ಪು

"ಈ ಫೋಟೊ ತೆಗೆದವರಿಗೆ ಬೆಟ್ಟದ ಮೇಲೆ ಪ್ರೀತಿ ಇಲ್ಲ. ಬೆಟ್ಟಕ್ಕಿರೋ ಹೆಸರಿನ ಮೇಲೆ ಪ್ರೀತಿ!"

ಮಲಾಂಗ್‌ನ ಕಾಫಿ ಅಂಗಡಿಯ ಮಹಡಿಯಲ್ಲಿ ಸೇರಿದ್ದ ಮೂವತ್ತು ಜನ ಗೊಳ್ಳೆಂದು ನಕ್ಕರು. ಬಿಳಿ ಪರದೆಯ ಮೇಲೆ ಸೆಮೇರು ಜ್ವಾಲಾಮುಖಿ ಬೆಟ್ಟ ಮುಂಜಾವಿನ ಕೆಂಪಿನಲ್ಲಿ ಹೊಗೆಯುಗುಳುತ್ತಾ ನಿಂತಿತ್ತು. ಆ ಛಾಯಾಚಿತ್ರ ಸಂಘದ ನಿಯಮ ಒಂದೇ: ಯಾರ ಚಿತ್ರ ಎಂಬುದನ್ನು ಹೇಳುವಂತಿಲ್ಲ, ಚಿತ್ರದ ಬಗ್ಗೆ ಮಾತ್ರ ಮಾತಾಡಬೇಕು.

ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ತೆಗೆದವಳು ನಾನೇ."

ನಗು ತಟ್ಟನೆ ನಿಂತಿತು!

ಅವಳ ಹೆಸರು ಪಾಲುಪಿ. ವಯಸ್ಸು ಇಪ್ಪತ್ತೊಂಬತ್ತು. ವಾರವಿಡೀ ಮದುವೆ ಮನೆಗಳಲ್ಲಿ ಫೋಟೊ ತೆಗೆಯುವುದು ಅವಳ ಕೆಲಸ. ರಜೆ ಸಿಕ್ಕರೆ ಸಾಕು, ಬೈಕ್ ಹತ್ತಿ ಬೆಟ್ಟದ ದಾರಿ ಹಿಡಿಯುತ್ತಿದ್ದಳು. ಸಂಘಕ್ಕೆ ಬಂದದ್ದು ಅದೇ ಮೊದಲ ದಿನ.

"ತಪ್ಪು ಹೇಳೋದು ಸುಲಭ ಕಣ್ರೀ," ಎಂದಳು ಪಾಲುಪಿ. "ಮುಂದಿನ ಸಲ ನಾನು ಎಲ್ಲಿ ನಿಲ್ಬೇಕು? ಅದನ್ನ ಹೇಳಿ. ಹೇಳೋಕೆ ಬರಲ್ಲ ಅಂದ್ರೆ ಕೂತ್ಕೊಳ್ಳಿ."

ಆ ಮಾತು ಆಡಿದ್ದ ಸೆನೊ ಪರದೆಯ ಪಕ್ಕದಲ್ಲಿ ನಿಂತಿದ್ದ. ಅವನು ಕೂರಲಿಲ್ಲ. ಅವನು ಮುದ್ರಣಾಲಯದಲ್ಲಿ ಬಣ್ಣ ಪರೀಕ್ಷಿಸುವವನು. ದಿನವಿಡೀ ತಪ್ಪು ಹುಡುಕಿ ಹುಡುಕಿ ಅವನ ಹುಬ್ಬುಗಳ ನಡುವೆ ಒಂದು ಗೆರೆ ಶಾಶ್ವತವಾಗಿ ಉಳಿದುಬಿಟ್ಟಿತ್ತು. ಈಗ ಆ ಗೆರೆ ಸಡಿಲವಾಯಿತು.

"ಸರಿ. ಆವತ್ತು ಕ್ಯಾಮೆರಾ ಎತ್ತೋ ಮುಂಚೆ ನಿಮ್ಮ ಕಣ್ಣಿಗೆ ಮೊದಲು ಬಿದ್ದಿದ್ದೇನು? ಹೊಗೆನಾ?"

ಪಾಲುಪಿ ಯೋಚಿಸಿದಳು. "ಅಲ್ಲ... ಕೆಳಗೆ ಎಲೆಕೋಸಿನ ಹೊಲದಲ್ಲಿ ಒಬ್ಬಜ್ಜಿ ಇದ್ರು. ಚಳಿಗೆ ಹೆಗಲ ತುಂಬಾ ಶಾಲು ಹೊದ್ದು ಕಳೆ ಕೀಳ್ತಿದ್ರು. ಬೆಟ್ಟದ ಕಡೆ ತಿರುಗಿ ಕೂಡ ನೋಡಲಿಲ್ಲ."

"ಮತ್ತೆ ಅಜ್ಜಿ ಎಲ್ಲಿ?"

"ಫೋಟೊ ಕೆಡುತ್ತೆ ಅಂತ... ಕತ್ತರಿಸಿಬಿಟ್ಟೆ."

"ಅಜ್ಜಿನೇ ಫೋಟೊ ಆಗಿತ್ತು," ಎಂದ ಸೆನೊ ಮೆಲ್ಲಗೆ. "ಹತ್ತು ಹೆಜ್ಜೆ ಕೆಳಗಿಳೀರಿ. ಮಂಡಿಯೂರಿ. ಬೆಟ್ಟ ಅವರ ಬೆನ್ನ ಹಿಂದೆ ಬರಲಿ. ಆಗ ಅದು ಯಾರೂ ತೆಗೆಯದ ಸೆಮೇರು ಆಗುತ್ತೆ."

ಅಬ್ಬಾ... ಇವನಿಗೆ ಇದು ಹೇಗೆ ಕಂಡಿತು! ಕೋಪ ಮಾಡಿಕೊಳ್ಳಬೇಕೆಂದೇ ಎದ್ದಿದ್ದ ಪಾಲುಪಿಯ ಎದೆಯಲ್ಲಿ ಬೇರೇನೋ ಮಿಸುಕಾಡಿತು.

ಮುಂದಿನ ಭಾನುವಾರವೇ ಅವಳು ಹತ್ತು ಹೆಜ್ಜೆ ಕೆಳಗಿಳಿದು, ಮಂಡಿಗೆ ಕೆಸರು ಮೆತ್ತಿಸಿಕೊಂಡು ಬಂದಳು.

ಅಲ್ಲಿಂದ ಎಂಟು ತಿಂಗಳು... ಪ್ರತಿ ಭಾನುವಾರ ಮಧ್ಯಾಹ್ನ ರೈಲು ನಿಲ್ದಾಣದ ಹಿಂದಿನ ಬಾಕ್ಸೊ ಅಂಗಡಿಯಲ್ಲಿ ಇಬ್ಬರ ವಾದ ನಡೆಯುತ್ತಿತ್ತು. ಬಟ್ಟಲಿನ ಸಾರಿನಲ್ಲಿ ಬಾಕ್ಸೊದ ಮಾಂಸದುಂಡೆಗಳು ತಣ್ಣಗಾಗುತ್ತಿದ್ದವು. ಮೇಜಿನ ಮೇಲೆ ಚಿತ್ರಗಳು ಹರಡಿರುತ್ತಿದ್ದವು.

"ಇಷ್ಟು ಹಸಿರು ಪೇಂಟ್ ಡಬ್ಬದಲ್ಲೂ ಸಿಗಲ್ಲ. ಇಳಿಸಿ."

"ಮಳೆ ನಿಂತ ಮೇಲೆ ಹಾಗೇ ಇರುತ್ತೆ, ಸೆನೊ! ಪ್ರೆಸ್ಸಿಂದ ಹೊರಗೆ ಬಂದು ನೋಡಿ."

"ದಿಗಂತದ ಗೆರೆ ಸರಿಯಾಗಿ ಆ ಮರದ ಕುತ್ತಿಗೆ ಮೇಲೇ ಹೋಗಿದೆ. ಒಂದು ಅಡಿ ಪಕ್ಕಕ್ಕೆ ಸರಿದಿದ್ರೆ ಮರ ಬದುಕ್ತಿತ್ತು."

"ಅದನ್ನ ಒಪ್ತೀನಿ. ಮುಂದಿಂದು?"

"ಈ ಕರೆಂಟ್ ವೈರ್ ತೆಗೆದುಬಿಡಿ."

"ತೆಗೆಯಲ್ಲ! ಆ ಊರಿಗೆ ಕರೆಂಟ್ ಬಂದಿದ್ದು ಹೋದ ವರ್ಷ. ಊರವರು ನಿಮ್ಮ ಬೆಟ್ಟ ನೋಡಲ್ಲ, ಆ ವೈರ್ ನೋಡಿ ಖುಷಿಪಡ್ತಾರೆ."

ಸೆನೊ ಆ ಚಿತ್ರವನ್ನು ಎತ್ತಿಕೊಂಡು ಮತ್ತೊಮ್ಮೆ ನೋಡಿದ. "ನಾನು ಸೋತೆ. ವೈರ್ ಇರಲಿ."

ಸೋತವನ ಮುಖದಲ್ಲಿ ಅಷ್ಟು ಸಂತೋಷ ಇರುತ್ತದೆಯೇ? ಆ ದಿನ ಪಾಲುಪಿ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ನಗುತ್ತಲೇ ಮನೆ ಸೇರಿದಳು.

ಆಗಸ್ಟ್ ತಿಂಗಳಲ್ಲಿ ಸುರಬಾಯಾದ ಒಂದು ಪ್ರಕಾಶನ ಸಂಸ್ಥೆಯಿಂದ ಪ್ರಕಟಣೆ ಬಂತು. ಫ್ಲೋರೆಸ್ ದ್ವೀಪದ ಬೆಟ್ಟಗಳ ಕುರಿತು ದೊಡ್ಡ ಪುಸ್ತಕ, ಒಬ್ಬರೇ ಛಾಯಾಗ್ರಾಹಕರು, ಒಂದು ವರ್ಷ ಅಲ್ಲೇ ಇದ್ದು ಕೆಲಸ ಮಾಡಬೇಕು. ಆಯ್ಕೆಗೆ ಹನ್ನೆರಡು ಚಿತ್ರ ಕಳಿಸಲು ಶುಕ್ರವಾರ ಸಂಜೆ ಕೊನೆಯ ಗಡುವು.

ಆ ವಾರದ ಭಾನುವಾರ ಬಾಕ್ಸೊ ಅಂಗಡಿಯಲ್ಲಿ ಪಾಲುಪಿ ಹನ್ನೆರಡನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. "ಹ್ಞಾಂ, ಶುರು ಮಾಡಿ. ಕರುಣೆ ಬೇಡ."

ಸೆನೊ ಒಂದೊಂದನ್ನೂ ನೋಡಿದ. ನಾಲ್ಕನೆಯದರ ಬಳಿ ಅವನ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಮುಂದೆ ಹೋಯಿತು.

"ಎಲ್ಲಾ ಚೆನ್ನಾಗಿವೆ. ಕಳಿಸಿ."

"ಎಲ್ಲಾ?"

"ಎಲ್ಲಾ."

ಅಷ್ಟೇ! ಬಟ್ಟಲು ಬದಿಗೆ ಸರಿಸಿ, ಪ್ರೆಸ್ಸಿನಲ್ಲಿ ಕೆಲಸವಿದೆಯೆಂದು ಅವನು ಎದ್ದು ಹೋಗಿಬಿಟ್ಟ.

ಹೊಗಳಿಕೆಯಿಂದ ಇಷ್ಟು ನೋವಾಗುತ್ತದೆ ಎಂದು ಪಾಲುಪಿಗೆ ಅಂದೇ ಗೊತ್ತಾದದ್ದು.

ಬುಧವಾರ ಸಂಘದ ಕಾರ್ಯದರ್ಶಿ ಬು ಎಂದಾಂಗ್ ಫೋನ್ ಮಾಡಿದರು. ನಿವೃತ್ತ ದಾದಿ, ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವರಲ್ಲ. "ನಿನ್ನೆ ಸೆನೊ ಹೊಸ ಹುಡುಗಿಯ ಒಂದೇ ಫೋಟೊಗೆ ಅರ್ಧ ಗಂಟೆ ಕ್ಲಾಸ್ ತಗೊಂಡ ಕಣೆ! ಪಾಪ, ಅವಳು ಎರಡು ಪುಟ ಬರ್ಕೊಂಡ್ಳು."

ಅರ್ಧ ಗಂಟೆ... ನನಗೆ ಎರಡೇ ಮಾತು.

'ಬೇಜಾರಾಯ್ತಾ ಅವನಿಗೆ? ನನ್ನ ಚಿತ್ರಗಳಲ್ಲಿ ನೋಡುವುದಕ್ಕೆ ಇನ್ನೇನೂ ಉಳಿದಿಲ್ಲವಾ? ಅಥವಾ... ನನ್ನಲ್ಲಿ?'

ಕಣ್ಣು ತುಂಬಿತು. ಆದರೆ ಪಾಲುಪಿ ಕೂತು ಅಳುವ ಜಾತಿಯವಳಲ್ಲ. ಬು ಎಂದಾಂಗ್‌ಗೆ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿ, ಕ್ಯಾಮೆರಾ ಹೆಗಲಿಗೇರಿಸಿ ಅದೇ ಸಂಜೆ ಬೆಟ್ಟದ ಮೇಲಿನ ನ್ಗಾದಾಸ್ ಹಳ್ಳಿಗೆ ಹೊರಟಳು. 'ಅವನು ನೋಡದಿದ್ದರೆ ಬೇಡ. ನನಗೂ ಎರಡು ಕಣ್ಣಿವೆ.'

ಗುರುವಾರ ಬೆಳಿಗ್ಗೆ, ಉಳಿದುಕೊಂಡಿದ್ದ ಮನೆಯ ಅಡುಗೆ ಒಲೆಯ ಮುಂದೆ ಹನ್ನೆರಡು ಚಿತ್ರ ಹರಡಿಕೊಂಡು ಕೂತಿದ್ದಳು. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನೆಂದು ಗೊತ್ತಾಗುತ್ತಿರಲಿಲ್ಲ. ಹೊರಗೆ ಬೈಕಿನ ಸದ್ದು. ಬಾಗಿಲಲ್ಲಿ ಸೆನೊ! ತುಟಿ ನೀಲಿ, ಬೂಟಿನ ತುಂಬಾ ಕೆಸರು.

"ನಾಲ್ಕನೆಯದು ದುರ್ಬಲವಾಗಿದೆ," ಎಂದ, ಒಳಗೆ ಕೂಡ ಬರದೆ. "ಒಂಬತ್ತನೆಯದೂ. ನನಗೆ ಭಾನುವಾರವೇ ಗೊತ್ತಿತ್ತು."

ಪಾಲುಪಿ ನಿಧಾನವಾಗಿ ಎದ್ದಳು. "ಗೊತ್ತಿದ್ದೂ ಸುಮ್ಮನಿದ್ರಾ? ಯಾಕೆ?"

"ಆಯ್ಕೆ ಆದ್ರೆ ನೀವು ಒಂದು ವರ್ಷ ಹೋಗಿಬಿಡ್ತೀರಿ. ಹೇಳದೇ ಇದ್ರೆ... ಇಲ್ಲೇ ಉಳೀತೀರಿ ಅನ್ನಿಸ್ತು. ಒಂದೇ ಒಂದು ಕ್ಷಣ. ಆಮೇಲೆ ಬಾಯಿ ಬಿಡೋಕೆ ನಾಚಿಕೆ. ನಾಲ್ಕು ದಿನ ಪ್ರೆಸ್ಸಲ್ಲಿ ಕೆಂಪು ಯಾವುದು, ಹಳದಿ ಯಾವುದು ಅಂತಾನೇ ಕಾಣಲಿಲ್ಲ. ಪಾಲುಪಿ, ನಾನು ನಿಮ್ಮನ್ನ ಪ್ರೀತಿಸ್ತೀನಿ. ಆದ್ರೆ ನಾನು ಮಾಡಿದ್ದು ಪ್ರೀತಿ ಅಲ್ಲ. ಕಳ್ಳತನ."

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಜೋಳದ ಅನ್ನ ತಿರುವುತ್ತಿದ್ದ ಮನೆಯೊಡತಿ ಕೈ ನಿಲ್ಲಿಸಿ ಕಣ್ಣರಳಿಸಿದಳು.

ಪ್ರೀತಿಸುತ್ತಾನೆ... ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು! ಆದರೆ ಅದು ಬಂದ ದಾರಿ ನೋಡಿ ಪಾಲುಪಿಯ ಕೆನ್ನೆ ಉರಿಯಿತು.

"ಮೂವತ್ತು ಜನರ ಮುಂದೆ ನನ್ನ ಫೋಟೊ ಜಾಡಿಸಿದಾಗ ನನಗೆ ಅವಮಾನ ಆಗಲಿಲ್ಲ, ಸೆನೊ. ಈಗ ಆಯ್ತು. ನಾನು ನಿಮ್ಮ ಕಣ್ಣನ್ನ ನನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದೆ."

"ಗೊತ್ತು. ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ತಪ್ಪು ಎಲ್ಲಿದೆ ಅಂತ ಹೇಳಿ ಹೋಗ್ತೀನಿ."

"ಹೋಗೋದೆಲ್ಲಿಗೆ?" ಅವಳು ಮಣೆಯನ್ನು ಅವನ ಕಡೆ ನೂಕಿದಳು. "ಕೂತ್ಕೊಳ್ಳಿ. ಜಗಳ ಆಮೇಲೆ ಆಡೋಣ. ನಾಳೆ ಸಂಜೆಯೊಳಗೆ ನನಗೆ ಎರಡು ಫೋಟೊ ಬೇಕು. ಹೇಳಿ, ನಾಲ್ಕನೆಯದಕ್ಕೆ ಏನಾಗಿದೆ?"

ಮನೆಯೊಡತಿ ನಿಟ್ಟುಸಿರುಬಿಟ್ಟು ಅನ್ನ ತಿರುವತೊಡಗಿದಳು. "ಈ ಪೇಟೆಯವರು ಪ್ರೀತಿನೂ ಪಾಠದ ಥರ ಮಾಡ್ತಾರಪ್ಪ!"

ಸೆನೊ ನಾಲ್ಕನೆಯ ಚಿತ್ರವನ್ನು ಮುಂದಕ್ಕೆಳೆದ. "ಬೆಳಕು ಎಡಗಡೆಯಿಂದ ಬರ್ತಿದೆ, ನೀವು ಬಲಗಡೆ ಇರೋ ಜಲಪಾತಕ್ಕೆ ಆಸೆಪಟ್ಟಿದ್ದೀರಿ. ನೋಡೋರ ಕಣ್ಣು ಎರಡು ಕಡೆ ಹರಿದು ಸುಸ್ತಾಗುತ್ತೆ. ಒಂದನ್ನ ಬಿಡಿ. ಒಂಬತ್ತನೆಯದರಲ್ಲಿ ಮಂಜು ತುಂಬಾ ಸುಂದರ. ಆದ್ರೆ ಅದು ಎಷ್ಟು ದಪ್ಪ ಅಂತ ತಿಳಿಯೋಕೆ ಒಂದು ಗುಡಿಸಲಾದ್ರೂ ಬೇಕು."

ಪಾಲುಪಿ ಎರಡನ್ನೂ ಹಿಡಿದು ಬೆಳಕಿಗೆ ನೋಡಿದಳು. ಹೌದು... ಇಷ್ಟು ಹೊತ್ತು ಮನಸ್ಸನ್ನು ಕೊರೆಯುತ್ತಿದ್ದದ್ದು ಇದೇ!

ಮರುದಿನ ನಸುಕಿನಲ್ಲಿ ಅವಳು ಮುಂದೆ, ಅವನು ಹಿಂದೆ. ಆಲೂಗಡ್ಡೆ ಹೊಲದ ಏರಿಯ ಮೇಲೆ ಅವನು ಒಂದು ಮಾತೂ ಆಡದೆ ನಿಂತ. ಎಲ್ಲಿ ನಿಲ್ಲಬೇಕು, ಎಷ್ಟು ಕಾಯಬೇಕು ಎಂಬುದೆಲ್ಲ ಅವಳದೇ ನಿರ್ಧಾರ. ಕಣಿವೆಯಿಂದ ಮಂಜು ಮೇಲೇರಿತು. ಅದರ ನಡುವೆ ಒಂದೇ ಒಂದು ತಗಡಿನ ಮಾಡು, ಅದರ ಕಿಂಡಿಯಿಂದ ಒಲೆಯ ಹೊಗೆ. ಪಾಲುಪಿ ಕ್ಯಾಮೆರಾದ ಗುಂಡಿ ಒತ್ತಿದಳು. ಬಿಸಿಲು ಬಿದ್ದ ಮೇಲೆ ಇನ್ನೊಂದು: ಜಲಪಾತವಿಲ್ಲದ, ಬರೀ ಬೆಳಕಿನ ಇಳಿಜಾರು.

ಕ್ಯಾಮೆರಾ ಅವನ ಕೈಗೆ ಕೊಟ್ಟಳು. "ಸತ್ಯ ಹೇಳಿ."

ಸೆನೊ ಎರಡು ಸಲ ನೋಡಿದ. "ಮೊದಲನೆಯದು ಹನ್ನೆರಡರಲ್ಲಿ ಎಲ್ಲಕ್ಕಿಂತ ಮುಂದೆ ಇರಲಿ. ಎರಡನೆಯದರಲ್ಲಿ ಆಕಾಶ ಸ್ವಲ್ಪ ಜಾಸ್ತಿ, ಮೇಲಿಂದ ಕಾಲು ಭಾಗ ಕತ್ತರಿಸಿ." ಆಮೇಲೆ ಕ್ಯಾಮೆರಾ ವಾಪಸ್ ಕೊಟ್ಟು ಹೇಳಿದ, "ನಿಮ್ಮನ್ನ ಆಯ್ಕೆ ಮಾಡ್ತಾರೆ."

ಅದನ್ನು ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಪಾಲುಪಿಯ ಸಿಟ್ಟು ಅಲ್ಲೇ ಅರ್ಧ ಕರಗಿತು. ಉಳಿದರ್ಧವನ್ನು ಅವಳು ಬೇಕೆಂದೇ ಮೂರು ವಾರ ಉಳಿಸಿಕೊಂಡಳು!

ಅವನ ಮಾತು ನಿಜವಾಯಿತು. ಸುರಬಾಯಾದಿಂದ ಪತ್ರ ಬಂದಾಗ ಪಾಲುಪಿ ಅದನ್ನು ಮೊದಲು ತೋರಿಸಿದ್ದು ಅವನಿಗೇ. ಅವನು ಓದಿ, ನಕ್ಕು, ಅವಳ ಹೊಸ ಚೀಲಕ್ಕೆ ಮಳೆಕವಚ ಹೊಲಿಸಿಕೊಟ್ಟ. ತನ್ನ ಪ್ರೀತಿಯ ಮಾತಿಗೆ ಉತ್ತರ ಮಾತ್ರ ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮಲಾಂಗ್ ನಿಲ್ದಾಣದಲ್ಲಿ ಸುರಬಾಯಾ ರೈಲು ನಿಂತಿತ್ತು. ಪಾಲುಪಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಸೆನೊ, ಆವತ್ತು ಒಲೆ ಮುಂದೆ ಒಂದು ಮಾತು ಹೇಳಿದ್ರಲ್ಲ... ಅದಕ್ಕೆ ನಾನು ಉತ್ತರ ಕೊಡಲೇ ಇಲ್ಲ."

"ಕೊಡಲೇಬೇಕು ಅಂತೇನಿಲ್ಲ."

"ಇದೆ. ನನಗೂ ನೀವಂದ್ರೆ ಪ್ರೀತಿ. ಆ ಮೊದಲ ದಿನದಿಂದ. ಆದ್ರೆ ಒಂದು ಮಾತು: ನನಗೆ ನೋವಾಗುತ್ತೆ ಅಂತ ಇನ್ನು ಯಾವತ್ತೂ ಸುಳ್ಳು ಹೇಳಬೇಡಿ. ನಿಮಗೆ ನೋವಾಗುತ್ತೆ ಅಂತಲೂ ಬೇಡ."

"ಹೇಳಲ್ಲ." ಅವನು ಅವಳ ಕೈ ಹಿಡಿದ. "ಒಂದು ವರ್ಷ ಕಾಯ್ತೀನಿ."

"ಸುಮ್ನೆ ಯಾಕೆ ಕಾಯ್ತೀರಿ? ರಜೆ ಹಾಕಿ ಹಡಗು ಹತ್ತಿ ಬನ್ನಿ!"

ಸೀಟಿ ಮೊಳಗಿತು. ರೈಲು ಮೆಲ್ಲಗೆ ಅಲುಗಿತು. ಸೆನೊ ಕೈ ಬಿಡದೆ ಜೊತೆಗೇ ಹೆಜ್ಜೆ ಹಾಕಿದ.

"ಪಾಲುಪಿ... ಬೇಗ ಬಾ."

"ಇನ್ನೂ ಹೋಗೇ ಇಲ್ಲ ನಾನು!" ಅವಳು ನಕ್ಕಳು. ಮರುಕ್ಷಣ ಕಣ್ಣರಳಿಸಿದಳು. "ಏನಂದ್ರಿ ಈಗ? 'ಬಾ' ಅಂದ್ರಾ?"

"ತಪ್ಪಾಯ್ತಾ?"

"ಇಲ್ಲ," ಎಂದಳು ಪಾಲುಪಿ. "ಇನ್ನೊಂದ್ಸಲ ಹೇಳು."