ಬೆಳುವಾಯಿಗೆ ಕೊಟ್ಟ ಪೆಟ್ಟಿಗೆ

೨೦೦೩ರಲ್ಲಿ ಆದದ್ದನ್ನೇ ಹೇಳ್ತೇನೆ. ನಾನು ತೋಡಾರಿನವ, ಪ್ರವಾಸಿ ಹಡಗಿನಲ್ಲಿ ಅಡುಗೆಯವನಾಗಿದ್ದೆ. ರಜೆಗೆಂದು ದುಬೈಯಲ್ಲಿ ಹಡಗಿಳಿದು, ಸಂಜೆಯ ವಿಮಾನಕ್ಕೆ ಮೊದಲು ಬಂದರಿನ ಹಾಲ್‌ನಲ್ಲಿ ನನ್ನ ಸೂಟ್‌ಕೇಸ್ ಹುಡುಕ್ತಾ ಇದ್ದೆ. ಒಬ್ಬ ಬಂದು ತುಳುವಿನಲ್ಲೇ ಕೇಳಿದ: "ಊರಿಗಾ? ಇದನ್ನು ಬೆಳುವಾಯಿಯ ನನ್ನ ಮನೆಗೆ ಮುಟ್ಟಿಸ್ತೀರಾ?"

ಊರಿಗೆ ಹೊರಟವ ಪಾರ್ಸೆಲ್ ಬೇಡ ಅನ್ನುವ ಕ್ರಮ ನಮ್ಮಲ್ಲಿಲ್ಲ. ತೆಗೆದುಕೊಂಡೆ. ಹೊರಗೆ ಸುಡುಬಿಸಿಲು, ಅವನ ಅಂಗಿ ಮಾತ್ರ ಒದ್ದೆಯಾಗಿತ್ತು. ಹಸಿರು ಹಗ್ಗ ಕಟ್ಟಿದ ಆ ಪೆಟ್ಟಿಗೆ ವಿಮಾನದಲ್ಲಿ ತೊಡೆಯ ಮೇಲೆ ಐಸಿನ ಹಾಗೆ ಕೊರೆಯಿತು.

ಬೆಳುವಾಯಿಯ ಮನೆಯಲ್ಲಿ ಅವನ ಹೆಂಡತಿ ಕಾಂತಿ ಅದನ್ನು ಮಂಚದಡಿಗೆ ತಳ್ಳಿದರು. ಅಲ್ಲಿ ಅಂಥದ್ದೇ ಹಸಿರು ಹಗ್ಗದ ಪೆಟ್ಟಿಗೆಗಳಿದ್ದವು, ಒಂದನ್ನೂ ಬಿಚ್ಚಿರಲಿಲ್ಲ.

"ಅವರು ಹಡಗಿನಿಂದ ಕಡಲಿಗೆ ಬಿದ್ದು ತೀರಿಹೋದ ಮೇಲೆ ವರ್ಷಕ್ಕೊಬ್ಬರು ತಂದು ಕೊಡ್ತಾರೆ" ಎಂದರು. ಚಾ ಕೊಟ್ಟು ಮೆಲ್ಲ ಕೇಳಿದರು: "ಅಂಗಿ ಈ ಸಲವಾದ್ರೂ ಒಣಗಿತ್ತಾ, ಅಣ್ಣ?"