ಕೂದಲೆಳೆಯೂ ಕಡಿಯದ ಅಕ್ಷರ

ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ 10.20. ನರ್ಸಿಂಗ್ ಶಾಲೆಯ ಗುಮಾಸ್ತ ಎರಡು ಸರ್ಟಿಫಿಕೇಟು ಹಿಡಿದು ಠಾಣೆಗೆ ಬಂದ. ಒಂದು ಶಾಲೆಯೇ ಕೊಟ್ಟದ್ದು. ಇನ್ನೊಂದನ್ನು ಆಸ್ಪತ್ರೆಯವರು ಪರಿಶೀಲನೆಗೆ ಕಳಿಸಿದ್ದರು. ಅದನ್ನು ತೋರಿಸಿ ಹುಡುಗಿಯೊಬ್ಬಳು ಅಲ್ಲಿ ಕೆಲಸಕ್ಕೆ ಸೇರಿ ಐದು ವಾರವಾಗಿತ್ತು. ಅದರ ಮೇಲಿದ್ದ ನಂಬರು ಶಾಲೆಯ ರಿಜಿಸ್ಟರಿನಲ್ಲಿ ಇರಲಿಲ್ಲ.

"ಇದ್ರಲ್ಲಿ ನಕಲಿ ಯಾವುದ್ರೀ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಚೆನ್ನಾಗಿರೋದು, ಮೇಡಂ."

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಭೂತಗನ್ನಡಿ ಹಿಡಿದು ಕೂತರು. ಎರಡರಲ್ಲೂ ಹೆಸರು ಒಂದೇ ಬಗೆಯ ಓರೆ ಅಕ್ಷರದಲ್ಲಿತ್ತು. ಇಳಿಯುವ ಗೆರೆ ದಪ್ಪ, ಏರುವ ಗೆರೆ ಕೂದಲೆಳೆಯಷ್ಟು ಸಣ್ಣ, ತುದಿಗೊಂದು ಪುಟ್ಟ ಪಾದ. ಮದುವೆ ಕರೆಯೋಲೆಗೆ, ಬಿರುದಿನ ಪತ್ರಕ್ಕೆ ಹಾಕುವ ಮರ್ಯಾದೆಯ ಅಕ್ಷರ. ಅಸಲಿಯಲ್ಲಿ ಸಣ್ಣ ಗೆರೆಗಳು ಅಲ್ಲಲ್ಲಿ ಮಾಯವಾಗಿದ್ದವು. ಕಂಪ್ಯೂಟರಿನವರು ಅವಸರಕ್ಕೆ ಒತ್ತಿದ್ದು. ನಕಲಿಯಲ್ಲಿ ಒಂದೆಳೆಯೂ ಕಡಿದಿರಲಿಲ್ಲ. ಹಾಳೆಯ ಹಿಂದೆ ಬೆರಳಾಡಿಸಿದರೆ ಉಬ್ಬು ಸಿಕ್ಕಿತು.

"ಸೀಸದ ಅಚ್ಚುಮೊಳೆ ಒಂದೊಂದೇ ಜೋಡಿಸಿ ಒತ್ತಿದ್ದು, ಮೇಡಂ. ಕೆಟ್ಟದಾಗಿ ಮಾಡೋಕೆ ಕಳ್ಳನಿಗೆ ಕೈಯೇ ಬಂದಿಲ್ಲ ನೋಡಿ!" ಹೆಡ್ಡು ಮೀಸೆಯಡಿ ನಕ್ಕರು. "ಊರಲ್ಲಿ ಮೊಳೆ ಪ್ರೆಸ್ಸು ಉಳಿದಿರೋದು ಒಂದೇ. ಸಂಜೆಯೊಳಗೆ ಹಿಡ್ಕೊಡ್ತೀನಿ."

ಮಧ್ಯಾಹ್ನ 3.15ಕ್ಕೆ ಪ್ರೆಸ್ಸಿಗೆ ಹೋದರು. ಎಲ್ಲರೂ ಮೊಳೆ ಯಜಮಾನ ಎಂದು ಕರೆಯುವ ಮುದುಕ ಹಾಳೆ ನೋಡಿದವನೇ ಕನ್ನಡಕ ತೆಗೆದ.

"ಯಾರು ಒತ್ತಿದ್ದು?"

"ನಾನೇ."

"ಇಂಥವು ಎಷ್ಟು ಮಾಡಿದ್ದೀರಿ?"

"ಇದೊಂದೇ ಸಾರ್. ಮಗಳದು."

"ಅವಳೇ ಮಾಡ್ಸಿದ್ಲಾ?"

"ಅಯ್ಯೋ, ಅವಳಿಗೆ ಗೊತ್ತೇ ಇಲ್ಲ. ಫೇಲಾದ ಕಾಗದ ಬಂತು, ಒಲೆಗೆ ಹಾಕ್ದೆ. ಇದನ್ನ ಒತ್ತಿ, ಶಾಲೆಯಿಂದ ಬಂತು ಅಂತ ಕೊಟ್ಟೆ. ಪಾಸಾದೆ ಅಂದ್ಕೊಂಡೇ ಕೆಲಸಕ್ಕೆ ಹೋದ್ಲು. ಏನ್ ಬೇಕಾದ್ರೂ ಮಾಡಿ, ದಮ್ಮಯ್ಯ, ಅವಳ ಮುಂದೆ ಮಾತ್ರ ಬೇಡ."

ಹೆಡ್ಡಿನ ನಗು ಅಲ್ಲಿಗೇ ನಿಂತಿತು. ಪಂಚನಾಮೆ ಬರೆದು, ಓರೆ ಮೊಳೆಗಳ ಪೆಟ್ಟಿಗೆ ವಶಪಡಿಸಿಕೊಂಡು, ಮುದುಕನನ್ನು ಠಾಣೆಗೆ ಕರೆತಂದರು. ಮಗಳ ಹೇಳಿಕೆ ಬೇಕೇ ಬೇಕಿತ್ತು. 4.30ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ವಾರ್ಡಿನಿಂದ, ಬಿಳಿ ಬಟ್ಟೆಯಲ್ಲೇ, ಠಾಣೆಗೆ ಕರೆತಂದಳು.

"ಏನಪ್ಪಾ ಇದು? ಯಾಕೆ ನೆಲ ನೋಡ್ತಿದ್ದೀಯ?" ಮಗಳು ಅಪ್ಪನನ್ನು ಕೇಳಿದಳು.

ಇನ್ಸ್‌ಪೆಕ್ಟರಮ್ಮ ವಿಷಯ ಹೇಳಿದರು. ಅವಳು ಹಾಳೆಯನ್ನು ಎರಡು ಸಲ ಓದಿದಳು.

"ನಾನು ಓದಿದ್ದು ಮೂರನೇ ಕ್ಲಾಸು, ಪುಟ್ಟಿ," ಎಂದ ಮುದುಕ. "ನಲವತ್ತು ವರ್ಷ ಯಾರ್ಯಾರದೋ ಮಕ್ಕಳ ಹೆಸರು ಆ ಮೊಳೇಲಿ ಜೋಡ್ಸಿದೀನಿ. ನನ್ನ ಮಗಳದೂ ಬರುತ್ತೆ ಅಂತ ಬೀದಿಗೆಲ್ಲ ಸಾರಿದ್ದೆ. ಫೇಲು ಅನ್ನೋಕೆ ನಾಚಿಕೆ ಆಯ್ತು."

"ಫೇಲಾದವಳು ನಾನು. ನಾಚಿಕೆ ನಿನಗಾ? ಹೇಳಿದ್ರೆ ಇನ್ನೊಂದು ಸಲ ಬರೀತಿದ್ದೆ. ಐದು ವಾರ ಎಷ್ಟು ಜನಕ್ಕೆ ಸೂಜಿ ಚುಚ್ಚಿದೀನಿ, ಗೊತ್ತಾ?"

5.05ಕ್ಕೆ ಮುದುಕನ ಬಂಧನ. ಹಣದಾಸೆಯಿಂದ ಮಾಡಿದ್ದಲ್ಲ, ಬೀದಿಯವರಿಗೆ ಮುಖ ತೋರಿಸಲಾಗದೆ ಮಾಡಿದ್ದು ಎಂದು ಹೆಡ್ಡು ಬರೆದರು. ಬರೆದು ಮುಗಿದರೂ ತಲೆಯೆತ್ತಲಿಲ್ಲ.

ಹೇಳಿಕೆಗೆ ಸಹಿ ಹಾಕಿದ ಮಗಳು ಬಾಗಿಲಲ್ಲಿ ನಿಂತಳು.

"ಮೇಡಂ, ವಾರ್ಡಿನವರಿಗೆ ನಾನೇ ಹೋಗಿ ಹೇಳ್ಲಾ? ನಾನು ಪಾಸಾಗಿಲ್ಲ ಅಂತ."

ಮೊಳೆ ಯಜಮಾನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.